ಎಳಿ, ಬಿಡು

ಬಳ್ಳಿ ಮೇಸ್ತ್ರಿಗೆ ಆ ಹೆಸರು ಯಾರಿಟ್ಟರೋ ಗೊತ್ತಿಲ್ಲ, ಇಟ್ಟವರು ಸುಳ್ಳಾಡಿದವರಂತೂ ಅಲ್ಲ. ಮಂಚದ ತಲೆಹಲಗೆ ಕೊಟ್ಟರೆ ಅದಕ್ಕೊಂದು ಬಳ್ಳಿ, ಬೀರುವಿನ ಬಾಗಿಲು ಕೊಟ್ಟರೆ ಅದಕ್ಕೊಂದು ಬಳ್ಳಿ, ಕನ್ನಡಿಯ ಚೌಕಟ್ಟಾದರೆ ನಾಲ್ಕು ಮೂಲೆಯಿಂದಲೂ ಬಳ್ಳಿ. ಗಿರಾಕಿ ಬೇಡವೆಂದು ಬಾಯಿಬಿಟ್ಟು ಹೇಳಿದರೂ ಎಲ್ಲೋ ಮರೆಯಲ್ಲಿ ಒಂದೆರಡು ಎಲೆ ಚಿಗುರಿಸದೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. "ಬಿಟ್ರೆ ಬಚ್ಚಲುಮನೆ ಬಾಗಿಲಿಗೂ ಹಬ್ಬಿಸ್ತಾರೆ ಈ ಮಹಾರಾಯ್ರು" ಎಂದು ಹೆಂಡತಿ ಬಂದವರೆದುರು ಹೇಳುತ್ತಿದ್ದಳು. ಹಬ್ಬಿಸಿಯೂ ಆಗಿತ್ತು. ಅವಳು ಹಾಗೆ ಹೇಳುತ್ತಿದ್ದದ್ದು ಬಚ್ಚಲುಮನೆಯ ಬಾಗಿಲನ್ನು ನೋಡಿಕೊಂಡೇ.

ಅಂಥವನ ಶೆಡ್ಡಿನ ನಡುವೆ ಈಗ ಆಳೆತ್ತರಕ್ಕೂ ಮಿಗಿಲಾದ ಬಾಗಿಲೊಂದು ಅಡ್ಡಮರಗಳ ಮೇಲೆ ಮಲಗಿತ್ತು, ಅದರ ಮೈಮೇಲೆ ಹುಡುಕಿದರೂ ಒಂದು ಎಲೆ ಸಿಗುತ್ತಿರಲಿಲ್ಲ. ಇದ್ದದ್ದೆಲ್ಲ ಕೈ. ಅಂಗೈಯೂರಿ ತಳ್ಳಿದ ಕೈಗಳ ಅಚ್ಚು, ನಾದಿದ ಹಿಟ್ಟಿನಲ್ಲಿ ಒತ್ತಿದ ಹಾಗೆ, ಮರದೊಳಕ್ಕೆ ಇಳಿದಿತ್ತು. ಒಂದರ ಪಕ್ಕ ಒಂದು, ಒಂದರ ಮೇಲೊಂದು, ಕೆಲವು ಎತ್ತರದಲ್ಲಿ, ಕೆಲವು ಬಿದ್ದವರು ಊರಿದ ಹಾಗೆ ತೀರ ಕೆಳಗೆ. ಕೆಡವಿದ ಹಳೆಯ ಕಟ್ಟಡವೊಂದರ ತೊಲೆಗಳನ್ನು ಸೀಳಿಸಿ ಜೋಡಿಸಿದ ಬಾಗಿಲು ಅದು. ಹಳೆಯ ಮೊಳೆಯ ತೂತುಗಳನ್ನು ಮೇಸ್ತ್ರಿ ಮುಚ್ಚಿರಲಿಲ್ಲ.

ಮಾಡಿಸುತ್ತಿದ್ದವರು ಸಂಘದವರು. ರಸ್ತೆಯ ಆ ತುದಿಗಿದ್ದ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು ಎರಡು ವರ್ಷವಾಗುತ್ತ ಬಂದಿತ್ತು. ಮೇಲಿನ ಮಹಡಿಯಲ್ಲಿ ಹೊಲಿಯುತ್ತ ಕೂತಿದ್ದವರು, ಹೆಚ್ಚಿನವರು ಹೆಣ್ಣುಮಕ್ಕಳು, ಬಾಗಿಲವರೆಗೆ ಓಡಿಬಂದು ಬಾಗಿಲ ಹಿಂದೆಯೇ ಸತ್ತರು. ಅವರ ಮನೆಯವರು ಸೇರಿ ಕಟ್ಟಿಕೊಂಡದ್ದು ಈ ಸಂಘ. ಅದಕ್ಕೆ ಮುಂದಾಳು ಮಗಳನ್ನು ಕಳೆದುಕೊಂಡ ಒಬ್ಬ ತಾಯಿ. ರಸ್ತೆಯ ಈಚೆ ನಿಂತು ಮಾತಾಡಿದರೆ ಆಚೆಯವರು ಕಿಟಕಿ ತೆಗೆದು ನೋಡುವಂಥ ಗಂಟಲು ಅವಳದು, ಆದ್ದರಿಂದ ಎಲ್ಲರಿಗೂ ಮೈಕಮ್ಮ. ಕಾರ್ಖಾನೆಯವರು ತಮ್ಮ ಗೇಟಿನ ಪಕ್ಕ ಹೊಳೆಯುವ ಕಲ್ಲೊಂದನ್ನು ನೆಡಿಸಿ, "ಅವಘಡದಲ್ಲಿ ಅಗಲಿದ ನಮ್ಮ ಕುಟುಂಬದವರ ನೆನಪಿಗೆ" ಎಂದು ಬರೆಸಿದಾಗ ಅವಳು ಅದರ ಮುಂದೆ ನಿಂತು ಊರಿಗೆಲ್ಲ ಕೇಳುವಂತೆ ಓದಿದಳು.

"ಕುಟುಂಬವಂತೆ! ಬದುಕಿದ್ದಾಗ ನೀರು ಕುಡಿಯೋಕೆ ಎದ್ರೆ ಬೈತಿದ್ರು, ಸತ್ತ ಮೇಲೆ ನೆಂಟಸ್ತನ ನೆನಪಾಯ್ತು. ಇದು ಅವಘಡ ಅಲ್ಲ ಅಂತ ಹೇಳೋಕೆ ನಮ್ದೂ ಒಂದು ಇರ್ಬೇಕು, ಇದರ ಎದುರಿಗೇ ಇರ್ಬೇಕು."

ಹಾಗೆಂದವಳು ಸೀದಾ ಬಳ್ಳಿ ಮೇಸ್ತ್ರಿಯ ಶೆಡ್ಡಿಗೆ ಬಂದಳು. ಅವನೂ ಸಂಘದವನೇ. ಅವನ ತಂಗಿಯೂ ಆ ಬಾಗಿಲ ಹಿಂದೆ ಇದ್ದಳು.

ಕಾರ್ಖಾನೆಯವರ ಮಾತು ಮೊದಲಿನಿಂದಲೂ ಒಂದೇ. ಬಾಗಿಲಿಗೆ ಬೀಗ ಹಾಕಿರಲೇ ಇಲ್ಲ. ಅದು ಒಳಕ್ಕೆ ತೆರೆಯುವ ಬಾಗಿಲು. ಹೊಗೆಗೆ ದಿಕ್ಕು ತೋಚದೆ ಎಲ್ಲರೂ ಒಟ್ಟಿಗೆ ತಳ್ಳಿದರು, ಎಳೆದಿದ್ದರೆ ತೆರೆಯುತ್ತಿತ್ತು. ವಿಚಾರಣೆಗೆ ಬಂದ ಅಧಿಕಾರಿಯೂ ತಲೆಯಾಡಿಸಿ ಅದನ್ನೇ ಬರೆದುಕೊಂಡು ಹೋದ. ಬಾಗಿಲು ಸುಟ್ಟು ಬೂದಿಯಾಗಿತ್ತು, ಬೀಗ ಯಾರ ಕಣ್ಣಿಗೂ ಬೀಳಲಿಲ್ಲ, ಸತ್ತವರು ಎದ್ದು ಬಂದು ಹೇಳುವಂತಿರಲಿಲ್ಲ.

ಎಳೆದಿದ್ದರೆ. ಈ ಒಂದು ಮಾತು ಮೇಸ್ತ್ರಿಯ ಎದೆಯಲ್ಲಿ ಸಿಬಿರಿನ ಹಾಗೆ ಮುರಿದುಕೊಂಡು ಕೂತಿತ್ತು. ಔಷಧಿ ಅಂಗಡಿಯ ಗಾಜಿನ ಬಾಗಿಲ ಮೇಲೆ "ಎಳೆಯಿರಿ" ಎಂದು ಅಂಟಿಸಿದ್ದ ಚೀಟಿ ಕಂಡರೆ ಅವನು ಹೊರಗೇ ನಿಂತುಬಿಡುತ್ತಿದ್ದ. ಒಳಗಿನವರು ಬಂದು ಬಾಗಿಲು ತೆಗೆದು, "ಏನ್ ಬೇಕಿತ್ತು ಮೇಸ್ತ್ರಿ?" ಎಂದು ಕೇಳುವವರೆಗೂ ಅಲ್ಲೇ ನಿಂತಿರುತ್ತಿದ್ದ. ಮಂದಿ ಅವನಿಗೆ ಮಂಕು ಕವಿದಿದೆ ಎಂದುಕೊಂಡರು. ಮಂಕೇನೂ ಅಲ್ಲ. ತಂಗಿಗೆ ಎಳೆಯುವುದನ್ನು ಕಲಿಸಿದವನು ಅವನೇ.

ಅವರ ಅಪ್ಪ ಮರ ಕೊಯ್ಯುವವನು. ಇಬ್ಬರು ಎದುರುಬದುರು ನಿಂತು ಹಿಡಿಯುವ ಉದ್ದದ ಗರಗಸ ಅವನದು, ಆ ತುದಿಗೊಂದು ಈ ತುದಿಗೊಂದು ಮರದ ಹಿಡಿ. ಅಪ್ಪ ಹೋದ ಮೇಲೆ ಒಂದು ತುದಿಗೆ ಅಣ್ಣ ನಿಂತ. ಇನ್ನೊಂದು ತುದಿಗೆ ಆಳಿಡುವ ತಾಕತ್ತಿರಲಿಲ್ಲ, ತಂಗಿ ನಿಂತಳು, ಅಣ್ಣನ ಸೊಂಟಕ್ಕೆ ಬರುತ್ತಿದ್ದ ಹುಡುಗಿ. ಆ ಗರಗಸದ ಕೆಲಸಕ್ಕೆ ಇರುವುದು ಒಂದೇ ಕಟ್ಟಳೆ, ತಳ್ಳಬಾರದು. ತಳ್ಳಿದರೆ ಅಲಗು ಬಳುಕಿ ಮರದೊಳಗೆ ಸಿಕ್ಕಿಕೊಳ್ಳುತ್ತದೆ. ನಿನ್ನ ಸರದಿ ಬಂದಾಗ ಎಳೆಯಬೇಕು, ಎಳೆದಾದ ಮೇಲೆ ಕೈ ಸಡಿಲ ಬಿಡಬೇಕು, ಆಗ ಎದುರಿನವರು ಎಳೆಯುತ್ತಾರೆ. ಚಿಕ್ಕವಳಿಗೆ ಹದ ಸಿಗಲೆಂದು ಅಣ್ಣ ಕೂಗಿ ಹೇಳುತ್ತಿದ್ದ. "ಎಳಿ... ಬಿಡು. ಎಳಿ... ಬಿಡು. ತಳ್ಬೇಡ್ವೇ ಕತ್ತೆ, ಎಳಿ!"

ಅವಳಿಗೆ ಎಡಗೈ ವಾಟ. ಆದ್ದರಿಂದ ಮನೆಯವರಿಗೂ ಕೇರಿಯವರಿಗೂ ಅವಳು ಎಡಚಿ. ಅಪ್ಪನ ದಪ್ಪ ಹಿಡಿ ಅವಳ ಮುಷ್ಟಿಗೆ ಸಿಗದೆ ಜಾರುತ್ತಿತ್ತು. ಅಣ್ಣ ಅದನ್ನು ಕಳಚಿ ಅವಳ ಕೈಯಳತೆಗೆ ಒಂದು ಸಣ್ಣ ಹಿಡಿ ಮಾಡಿಕೊಟ್ಟ. ಈ ಬಾಗಿಲಿಗೆ ಮುಂಚೆ ಅವನು ಬಳ್ಳಿಯಿಲ್ಲದೆ ಮಾಡಿದ ವಸ್ತು ಅದೊಂದೇ, ಕೆತ್ತಿದರೆ ಅವಳ ಕೈಗೆ ಒತ್ತುತ್ತದೆಂದು ಬಿಟ್ಟಿದ್ದ. ವರ್ಷ ವರ್ಷ ಅವಳ ಎಡಗೈ ಅದನ್ನು ಸವೆಸಿತು. ಹೆಬ್ಬೆರಳು ಕೂರುವಲ್ಲಿ ಒಂದು ತಗ್ಗು ಬಿತ್ತು, ಬೆರಳು ಸುತ್ತುವಲ್ಲಿ ನುಣುಪಾದ ಹಳ್ಳದಿಣ್ಣೆ ಎದ್ದವು. ದೊಡ್ಡವಳಾದ ಮೇಲೆ ಹೊಸದು ಮಾಡಿಕೊಡುತ್ತೇನೆ ಎಂದರೆ ಒಪ್ಪಲಿಲ್ಲ. "ಬೇಡ ಅಣ್ಣ, ಇದಕ್ಕೆ ನನ್ನ ಗುರುತು ಸಿಗುತ್ತೆ" ಅಂದಳು.

ಎಳಿ, ಬಿಡು ಎರಡೂ ಮನೆಮಾತಾದವು. ಚಿಕ್ಕಂದಿನಲ್ಲಿ ಒಂದೇ ಹೊದಿಕೆಯಡಿ ಮಲಗುವಾಗ ಅವಳು ಹೊದಿಕೆಯನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡು, ಅಣ್ಣನ ಗೊಗ್ಗರು ದನಿಯನ್ನೇ ಮಾಡಿ "ಬಿಡು" ಅನ್ನುತ್ತಿದ್ದಳು. ಅತ್ತಿಗೆ ಮನೆಗೆ ಬಂದ ಮೇಲೆ ಅತ್ತಿಗೆಯ ಕೂದಲಿಗೂ ಅದೇ ಪಾಡು. ಜಡೆ ಹಾಕಲು ಕೂತವಳು ಸಿಕ್ಕು ಬಂದಲ್ಲಿ "ಎಳಿ" ಎಂದು ಬಾಚಣಿಗೆ ಎಳೆದರೆ, ಅತ್ತಿಗೆ "ಅಯ್ಯೋ ಬಿಡೇ, ಪ್ರಾಣ ಹೋಯ್ತು" ಎಂದು ಕೂಗಿಕೊಳ್ಳುತ್ತಿದ್ದಳು. ಮಾರನೆಯ ದಿನ ಮತ್ತೆ ಅವಳ ಮುಂದೆಯೇ ಬಾಚಣಿಗೆ ಹಿಡಿದು ಕೂರುತ್ತಿದ್ದಳು. ಆಮೇಲೆ ಮರದ ಅಡ್ಡೆಗೆ ಕೊಯ್ಯುವ ಯಂತ್ರ ಬಂತು. ಗರಗಸ ಗೋಡೆಗೆ ಹೋಯಿತು, ಎಡಚಿ ಕಾರ್ಖಾನೆಗೆ ಹೋದಳು.

ಹೀಗೆ ಎಳೆದೇ ಬೆಳೆದವಳು. ಅವಳೂ ತಳ್ಳಿದಳೆ? ಉಸಿರು ಕಟ್ಟುವ ಹೊತ್ತಿನಲ್ಲಿ ಅಣ್ಣ ಹೇಳಿಕೊಟ್ಟದ್ದು ಕೈಗೆ ಬರಲಿಲ್ಲವೆ? ಬಂದಿದ್ದರೆ ಈಗಲೂ ಇರುತ್ತಿದ್ದಳೆ? ಯಾರನ್ನು ಕೇಳುವುದು? ಬಾಯಿ ತೆರೆದರೆ ಸಾಕು, "ಆಗಿದ್ದು ಆಗಿಹೋಯ್ತು, ಬಿಡಪ್ಪಾ" ಎಂದು ಬೆನ್ನು ತಟ್ಟುವವರೇ ಎಲ್ಲ. ಬಿಡು ಅನ್ನುವುದು ಎಷ್ಟು ಸಲೀಸು! ಅದನ್ನು ಹೇಳಬೇಕಾದವರು ಎದುರಿನ ತುದಿ ಹಿಡಿದವರು, ದಾರಿಯಲ್ಲಿ ಹೋಗುವವರಲ್ಲ ಎಂದು ಮೇಸ್ತ್ರಿಗೆ ಮೈಯೆಲ್ಲ ಉರಿಯುತ್ತಿತ್ತು.

ಬೆಳಿಗ್ಗೆ ಶೆಡ್ಡು ತೆರೆದವನು ಮೊದಲು ಹೋಗುತ್ತಿದ್ದದ್ದು ಗೋಡೆಯ ಗರಗಸದ ಹತ್ತಿರ. ಆ ಸಣ್ಣ ಹಿಡಿಯ ತಗ್ಗಿನಲ್ಲಿ ತನ್ನ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಅವನ ಹೆಬ್ಬೆರಳು ದಪ್ಪ, ತಗ್ಗಿನಲ್ಲಿ ಅರ್ಧವೂ ಕೂರುತ್ತಿರಲಿಲ್ಲ, ಆದರೂ ಇಡುತ್ತಿದ್ದ. ಒಮ್ಮೆ ಹೆಂಡತಿ ಧೂಳು ಹೊಡೆಯುತ್ತ ಒದ್ದೆ ಬಟ್ಟೆಯಲ್ಲಿ ಅದನ್ನೂ ಒರೆಸಿಬಿಟ್ಟಳು. ಅವತ್ತು ಅವನು ಕೂಗಾಡಿದ್ದು ಮೈಕಮ್ಮನನ್ನೂ ನಾಚಿಸುವ ಹಾಗಿತ್ತು. ಹೆಂಡತಿ ಒಣಬಟ್ಟೆ ತಂದು ಮತ್ತೊಮ್ಮೆ ಒರೆಸಿ ಒಳಗೆ ಹೋದಳು.

ಕೈ ಕೆತ್ತುವುದು ಅವನಿಗೆ ಸುಲಭಕ್ಕೆ ಒಗ್ಗಲಿಲ್ಲ. ಬಳ್ಳಿಯೆಂದರೆ ಸುತ್ತಲಿನ ಮರ ತೆಗೆದು ಎಲೆಯನ್ನು ಉಬ್ಬಿಸುವ ಕೆಲಸ. ಇಲ್ಲಿ ಉಬ್ಬಿಸುವಂತಿಲ್ಲ, ತಗ್ಗಿಸಬೇಕು, ಇಲ್ಲದ ಕೈಯನ್ನು ಇಲ್ಲವೆಂದೇ ಕೆತ್ತಬೇಕು. ಮೊದಲ ಕೆಲವು ಕೈಗಳನ್ನು ನೋಡಿದ ಮೈಕಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದೇನ್ರೀ ಮೇಸ್ತ್ರಿ, ಒಂದೊಂದು ಬೆರಳೂ ಚಿಗುರು ಬಿಟ್ಟ ಹಾಗಿದೆ! ಮದುವೆ ಮಂಚಕ್ಕೆ ಮಾಡಿದ್ದಾ? ನನ್ನ ಮಗಳು ದಿನಾ ರಾಶಿ ರಾಶಿ ಕಾಲರ್ ಹೊಲೀತಿದ್ಲು. ತೋರುಬೆರಳು ಹೀಗೆ ಸೊಟ್ಟಗಾಗಿತ್ತು." ತನ್ನ ಬೆರಳು ಬಗ್ಗಿಸಿ ತೋರಿಸಿದಳು. "ಮಿಕ್ಕ ಕೈಯೆಲ್ಲ ಥೇಟ್ ನಂದೇ. ತಗೊಳ್ಳಿ."

ಅಂಗೈಯನ್ನು ಹಲಗೆಯ ಮೇಲೆ ಊರಿದಳು. ಮೇಸ್ತ್ರಿ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಸುತ್ತ ಗೆರೆ ಹಾಕಿದ. ಗೆರೆ ಮುಗಿದ ಮೇಲೂ ಅವಳು ಕೈ ತೆಗೆಯಲಿಲ್ಲ. ಮೇಸ್ತ್ರಿ ಉಳಿ ಮಸೆಯುವ ನೆಪದಲ್ಲಿ ಆ ಕಡೆ ತಿರುಗಿಕೊಂಡ.

ಅಲ್ಲಿಂದ ಮುಂದೆ ಮನೆಮನೆಯವರು ಬರತೊಡಗಿದರು. ಒಬ್ಬನ ಹೆಂಡತಿಯ ಕಿರುಬೆರಳು ಎಂದೋ ಮುರಿದು ಕೂಡಿಕೊಂಡು ಹೊರಕ್ಕೆ ಚಾಚಿಕೊಂಡಿತ್ತಂತೆ, ಅದನ್ನು ಹಾಗೇ ಮಾಡಬೇಕೆಂದ. ಇನ್ನೊಬ್ಬಳು ಅವಳಿ ಅಕ್ಕ, ತನ್ನ ಕೈಯನ್ನೇ ಇಟ್ಟಳು, ಅದರಲ್ಲಿ ಏನೂ ಬದಲಾಯಿಸಬೇಕಾಗಲಿಲ್ಲ, ಆ ಕೈಯನ್ನು ಕೆತ್ತುವುದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಬಾಗಿಲು ತುಂಬುತ್ತ ಬಂತು. ನಟ್ಟನಡುವೆ, ಎದೆಯೆತ್ತರದಲ್ಲಿ, ಒಂದು ಕೈಗಾಗುವಷ್ಟು ಜಾಗ ಮಾತ್ರ ಬೋಳಾಗಿ ಉಳಿಯಿತು.

ಅದು ಎಡಚಿಯದು. "ನನ್ನದು ಅಪ್ಪನ ಕೈ, ಅವಳದು ಅಮ್ಮನ ಕೈ, ಅಳತೆ ಸಿಕ್ತಿಲ್ಲ" ಎಂದು ಅವನು ಕೇಳಿದವರಿಗೆ ಹೇಳುತ್ತಿದ್ದ. ಅದು ಬರಿಯ ನೆಪ. ಅಲ್ಲಿ ಅವಳ ಅಂಗೈ ಕೆತ್ತಿದರೆ ಅವಳೂ ತಳ್ಳಿದಳೆಂದು ತಾನೇ ಬರೆದುಕೊಟ್ಟ ಹಾಗೆ, ಅದಕ್ಕೆ ಅವನ ಉಳಿ ಏಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗುಂಡಿ ಬಂದಳು. ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದವಳು, ಅದಕ್ಕೇ ಆ ಹೆಸರು. ಬೆಂಕಿ ಬಿದ್ದ ದಿನ ಟಾಯ್ಲೆಟ್ಟಿನ ಸಣ್ಣ ಕಿಟಕಿಯಿಂದ ಹಾರಿ, ಕಾಲು ಮುರಿದುಕೊಂಡು ಬದುಕಿದಳು. ಬದುಕಿದ್ದೇ ತಪ್ಪಾಯಿತು. ಸಂಘದ ತಾಯಂದಿರು ಅವಳಿಗೆ ಒಂದು ಮಾತೂ ಅಂದವರಲ್ಲ, ಆದರೆ ಅವಳು ಎದುರಿಗೆ ಬಂದರೆ ಬೇರೆ ಕಡೆ ನೋಡುತ್ತಿದ್ದರು. ವಿಚಾರಣೆ ನಡೆದಾಗ ಅವಳು ಆಸ್ಪತ್ರೆಯಲ್ಲಿದ್ದಳು. ಆಮೇಲೆ ಯಾರೂ ಕೇಳಲಿಲ್ಲ, ಅವಳೂ ಬಾಯಿಬಿಡಲಿಲ್ಲ. ಈಗ ಶೆಡ್ಡಿನ ಹೊಸ್ತಿಲಾಚೆ ಕುಂಟುಗಾಲಿನ ಭಾರವನ್ನು ಗೋಡೆಗೆ ಕೊಟ್ಟು ನಿಂತಳು.

"ಅಣ್ಣ, ನನ್ನ ಕೈ ಬೇಡ್ವಾ?"

ಮೇಸ್ತ್ರಿ ಉಳಿಯನ್ನು ಕೆಳಗಿಟ್ಟ.

"ಸತ್ತವರದ್ದು ಮಾತ್ರ ಅಂತ ಗೊತ್ತು," ಅಂದಳು ಗುಂಡಿ. "ಆದ್ರೆ ನಾನೂ ತಳ್ಳಿದ್ದೆ."

"ಬಾರಮ್ಮ," ಅಂದ ಮೇಸ್ತ್ರಿ. "ಇಡು, ಎಲ್ಲಿ ಬೇಕೋ ಅಲ್ಲಿ ಇಡು."

ಅವಳು ಬಾಗಿಲ ಸುತ್ತ ಬಂದು ಒಂದೊಂದೇ ಕೈಯನ್ನು ನೋಡಿದಳು. ಕೆಲವನ್ನು ಮುಟ್ಟಿ ಹೆಸರು ಹಿಡಿದು ಕರೆದಳು, ಬದಿಯಲ್ಲಿ ಕೂತು ಹೊಲಿಯುತ್ತಿದ್ದವರ ಕೈ ಅವಳಿಗೆ ಮುಖದಷ್ಟೇ ಗೊತ್ತಿತ್ತು. ನಡುವಿನ ಬೋಳು ಜಾಗದ ಹತ್ತಿರ ನಿಂತಳು.

"ಇಲ್ಲಿ ಯಾರದು?"

"ಎಡಚಿದು. ಇನ್ನೂ ಮಾಡಿಲ್ಲ."

"ಅಕ್ಕಂದು ಇಲ್ಲಿ ಬರಲ್ಲ ಅಣ್ಣ. ಅಕ್ಕ ತಳ್ಳಲಿಲ್ವಲ್ಲ."

ಮೇಸ್ತ್ರಿಯ ಕೈಯಲ್ಲಿದ್ದ ಕೊಡತಿ ಹಾಗೇ ನಿಂತಿತು. ಗುಂಡಿ ಅವನ ಮುಖ ನೋಡದೆ, ಬಾಗಿಲಿಗೇ ಹೇಳುವವಳ ಹಾಗೆ ಹೇಳಿದಳು.

"ನಾವೆಲ್ಲ ತಳ್ತಿದ್ವಿ. ಹೊಗೆ ಅಂದ್ರೆ ಪಕ್ಕದವರ ಮುಖ ಕಾಣ್ತಿರಲಿಲ್ಲ. ಅಕ್ಕ ಒಬ್ರೇ ಕೂಗ್ತಿದ್ರು, ತಳ್ಬೇಡಿ, ಎಳೀರಿ, ತಳ್ಬೇಡ್ರೇ ಕತ್ತೆಗಳಾ, ಎಳೀರಿ ಅಂತ. ಎಲ್ರನ್ನೂ ಹಿಂದಕ್ಕೆ ಸರಿಸಿ ಜಾಗ ಮಾಡ್ಕೊಂಡ್ರು. ಎಡಗೈಲಿ ಹಿಡಿ ಹಿಡ್ಕೊಂಡು, ಗೋಡೆಗೆ ಕಾಲು ಕೊಟ್ಟು ಎಳೆದ್ರು. ನಾವು ಅವರ ಸೊಂಟ ಹಿಡಿದು ಎಳೆದ್ವಿ. ಬಾಗಿಲು ಇಷ್ಟೇ ಇಷ್ಟು ಅಲುಗ್ತು, ಆ ಕಡೆಯಿಂದ ಚಿಲಕ ಟಣ್ ಅಂತ ತಡೀತು. ಮತ್ತೆ ಎಳೆದ್ರು, ಮತ್ತೆ ಟಣ್. ಬೀಗ ಇತ್ತು ಅಣ್ಣ. ನಾನೇ ಕೇಳಿದೀನಿ ಆ ಸದ್ದು. ಈಗ್ಲೂ ಕೇಳುತ್ತೆ."

"ಆಮೇಲೆ?"

"ಆಮೇಲೆ ನಾನು ಬಿಟ್ಟು ಕಿಟಕಿ ಕಡೆ ಓಡ್ದೆ. ಅಕ್ಕ ಬಿಡಲಿಲ್ಲ."

ಮೇಸ್ತ್ರಿ ಮರದ ಹೊಟ್ಟಿನ ಮೇಲೆ ಕುಸಿದು ಕೂತ. ತಂಗಿ ಮರೆತಿರಲಿಲ್ಲ. ಅಣ್ಣ ಕಲಿಸಿದ್ದು ಕಡೆಯ ಉಸಿರಿನವರೆಗೂ ಅವಳ ಕೈಯಲ್ಲಿತ್ತು, ಆದರೂ ಅವಳು ಉಳಿಯಲಿಲ್ಲ. ಸಿಬಿರು ಕಿತ್ತು ಬಂದದ್ದೇನೋ ನಿಜ, ಅದು ಇದ್ದ ಜಾಗ ಈಗ ಹಸಿಗಾಯವಾಗಿ ಉರಿಯತೊಡಗಿತು. ಅವಳು ಬೇಕು ಅನ್ನಿಸಿತು. ಎದುರಿನ ತುದಿಯಲ್ಲಿ ನಿಂತು, ಮೂಗಿನ ಮೇಲೆ ಮರದ ಹುಡಿ ಅಂಟಿಸಿಕೊಂಡು, ತನ್ನನ್ನೇ ಅಣಕಿಸುವ ಅವಳು, ಈಗಲೇ, ಇಲ್ಲೇ ಬೇಕು ಅನ್ನಿಸಿತು.

"ಕತ್ತೆಗಳಾ ಅಂದ್ಳಾ?" ಎಂದು ಕೇಳಿದ.

"ಹೂಂ. ಜೋರಾಗೇ ಅಂದ್ರು."

ಅವನು ಅಳುತ್ತಲೇ ನಕ್ಕ. ಗುಂಡಿ ಅವನ ಪಕ್ಕದಲ್ಲಿ ಹೊಟ್ಟಿನ ಮೇಲೆ ಕೂತಳು.

ಮೈಕಮ್ಮ ವಿಷಯ ಕೇಳಿದವಳು ಓಡೋಡಿ ಬಂದಳು. ಮೊದಲು ಗುಂಡಿಯನ್ನು ತಬ್ಬಿಕೊಂಡಳು, "ನನ್ನ ಕಣ್ಣಿಗೆ ಮಣ್ಣು ಬಿದ್ದಿತ್ತೇನೇ ಇಷ್ಟು ದಿನ" ಎಂದು ಅತ್ತಳು, ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಮೇಸ್ತ್ರಿಯ ಕಡೆ ತಿರುಗಿದಳು. "ಆ ಜಾಗಕ್ಕೆ ಒಂದು ಹಿಡಿ ಹಾಕಿ. ಹಿಂದುಗಡೆಯಿಂದ ಚಿಲಕ ಹಾಕಿ ಬೀಗ ಜಡಿಯೋಣ. ಎಳೆದಿದ್ರೆ ಎಳೆದಿದ್ರೆ ಅಂತಾರಲ್ಲ, ಬರ್ಲಿ, ಬಂದು ಎಳೀಲಿ."

ಹಿಡಿ ಮಾಡಲು ಕೂತ ಮೇಸ್ತ್ರಿ. ಎಡಗೈಯವರಿಗೆ ಒಗ್ಗುವ ಹಿಡಿ, ಹೆಬ್ಬೆರಳಿಗೊಂದು ತಗ್ಗು, ಬೆರಳಿಗೆ ಹಳ್ಳದಿಣ್ಣೆ. ಗೋಡೆಯ ಮೇಲಿನದನ್ನು ನೋಡಿ ನೋಡಿ ಕೆತ್ತಿದ. ಮೈಕಮ್ಮ ಭೇಷ್ ಅಂದಳು. ಅವನು ಅದನ್ನು ಒಲೆಗೆ ಹಾಕುವ ಚೂರುಗಳ ರಾಶಿಗೆ ಎಸೆದ. ಇನ್ನೊಂದು ಮಾಡಿದ, ಅದನ್ನೂ ಎಸೆದ. ಅಳತೆಯೆಲ್ಲ ಸರಿಯಿತ್ತು. ಆದರೆ ಉಳಿ ತಗ್ಗು ತೋಡಬಲ್ಲದು, ಸವೆಸಲಾರದು. ಹಿಡಿದರೆ ಮರ ಮರವಾಗಿಯೇ ಇರುತ್ತಿತ್ತು, ಗುರುತು ಹಿಡಿಯುತ್ತಿರಲಿಲ್ಲ.

ಗೋಡೆಯದನ್ನೇ ಹಾಕಿದರೆ ಎಂಬ ಯೋಚನೆ ಬಾರದೆ ಇರಲಿಲ್ಲ. ಬಂದಾಗಲೆಲ್ಲ ಅದನ್ನು ಅಟ್ಟಿದ. ಬೀದಿಯಲ್ಲಿ, ಬಿಸಿಲು ಮಳೆಯಲ್ಲಿ, ದಾರಿಹೋಕರೆಲ್ಲ ಹಿಡಿದು ಜಗ್ಗುತ್ತಾರೆ. ಯಾರ ಯಾರದೋ ಹೆಬ್ಬೆರಳು ಅವಳ ಹೆಬ್ಬೆರಳಿನ ಜಾಗವನ್ನು ತಿನ್ನುತ್ತದೆ. ಅವಳದೆಂದು ಈ ಮನೆಯಲ್ಲಿ ಉಳಿದ ಒಂದೇ ಒಂದು ಮುಟ್ಟುವ ಗುರುತು ಸವೆದು ಸವೆದು ಕಡೆಗೆ ಅವಳದಲ್ಲದ್ದಾಗುತ್ತದೆ. ಬೇಕಾದರೆ ತನ್ನ ಕೈಯನ್ನೇ ಕೊಟ್ಟಾನು, ಅದನ್ನು ಕೊಡಲಾರ.

ಹೆಂಡತಿ ಚಹಾ ತಂದವಳು ರಾಶಿಯಿಂದ ಎಸೆದ ಹಿಡಿಯೊಂದನ್ನು ಎತ್ತಿಕೊಂಡು ಎಡಗೈಯಲ್ಲಿ ಹಿಡಿದು ನೋಡಿದಳು. "ಇದಲ್ಲ," ಅಂದಳು.

"ನಿಂಗೇನು ಗೊತ್ತು?"

"ಗೊತ್ತು. ನೀವು ಅಡ್ಡೆಗೆ ಹೋದಾಗೆಲ್ಲ ನಾನೂ ಬಂದು ಅದನ್ನ ಹಿಡ್ಕೋತೀನಿ." ಅವನು ತಲೆಯೆತ್ತಿದ. "ಕೈ ಒಣಗಿಸ್ಕೊಂಡೇ ಬರ್ತೀನಿ, ಹೆದರ್ಬೇಡಿ. ನಿಮ್ಮ ಹೆಬ್ಬೆರಳು ಅದರಲ್ಲಿ ಕೂರಲ್ಲ, ನಂದು ಕೂರುತ್ತೆ. ನಿಮಗೊಬ್ರಿಗೇ ಅಂದ್ಕೊಂಡಿದ್ರಾ ಅವಳು? ದಿನಾ ನನ್ನ ತಲೆ ಎಳೀತಿದ್ದ ಕೈ ಅದು. ಈಗ ಯಾರೂ ಎಳೆಯಲ್ಲ, ಸಿಕ್ಕೇ ಬಂದ್ರೂ ನಾನೇ ಮೆತ್ತಗೆ ಬಿಡಿಸ್ಕೋತೀನಿ."

ಲೋಟ ಅವನ ಕೈಯಲ್ಲಿ ಆರುತ್ತಿತ್ತು.

"ಆ ಗುಂಡಿ ಹುಡುಗಿ ಅವತ್ತು ಹೋಗುವಾಗ ಗೋಡೆ ಕಡೆ ನೋಡ್ತಾನೇ ಇದ್ಲು. ಮುಟ್ಲಾ ಅಂತ ಕೇಳೋಕೆ ಬಾಯಿ ಬರ್ಲಿಲ್ಲ ಪಾಪ. ಅವಳು ಕಡೇ ಸಲ ಹಿಡಿದಿದ್ದು ನಮ್ಮ ಎಡಚಿ ಸೊಂಟಾನೇ ಅಲ್ವಾ."

"ಬೀದಿಗಿಟ್ರೆ ಸವೆದುಹೋಗುತ್ತೆ ಕಣೇ."

"ಇಲ್ಲಿದ್ರೆ ಧೂಳು ತಿನ್ನುತ್ತೆ. ಮೂಲೇಲಿ ಕೂತು ಧೂಳು ತಿನ್ನೋ ಹುಡುಗಿನಾ ಅವಳು?"

ಮೇಸ್ತ್ರಿ ಗರಗಸವನ್ನು ಗೋಡೆಯಿಂದ ಇಳಿಸಿದ. ಹಿಡಿಯನ್ನು ಅಲಗಿಗೆ ಬಿಗಿದಿದ್ದ ಬೆಣೆಯನ್ನು ಮೆಲ್ಲಗೆ ತಟ್ಟಿ ಹೊರಗೆ ತೆಗೆದ. ಇಷ್ಟು ವರ್ಷ ಕಬ್ಬಿಣದ ಹಿಂದೆ ಮುಚ್ಚಿಹೋಗಿದ್ದ ಕಡೆ ಮರ ಅವನು ಕಡೆದುಕೊಟ್ಟ ದಿನದ ಹಾಗೆ ಬೆಳ್ಳಗಿತ್ತು. ಹಿಡಿಯನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಹೆಬ್ಬೆರಳನ್ನು ತಗ್ಗಿನಲ್ಲಿಟ್ಟು ಹಿಡಿದುಕೊಂಡಳು, ಕೇಳುವವರೆಗೂ ವಾಪಸು ಕೊಡಲಿಲ್ಲ. ಗರಗಸವನ್ನು ಒಂದೇ ಹಿಡಿಯೊಂದಿಗೆ ಮತ್ತೆ ಗೋಡೆಗೆ ತೂಗುಹಾಕಿದ.

ಬಾಗಿಲನ್ನು ಕಾರ್ಖಾನೆಯ ಎದುರು, ರಸ್ತೆಯ ಈಚೆ, ಚೌಕಟ್ಟು ನೆಟ್ಟು ನಿಲ್ಲಿಸಿದರು. ಆಚೆ ಈಚೆ ಗೋಡೆಯಿಲ್ಲದ ಬಾಗಿಲು. ಅವಸರವಿದ್ದವರು ಪಕ್ಕದಿಂದ ಹಾದು ಹೋಗಬಹುದಿತ್ತು, ಹೋಗುತ್ತಲೂ ಇದ್ದರು. ಕೈಗಳಿದ್ದ ಮುಖ ಕಾಲುದಾರಿಯ ಕಡೆಗೆ. ಹಿಂದಿನ ಮುಖ ಬೋಳು ಹಲಗೆ, ಅದರ ಮೇಲೆ ಕಬ್ಬಿಣದ ಚಿಲಕ, ಚಿಲಕಕ್ಕೊಂದು ಬೀಗ, ಅದು ಕಾರ್ಖಾನೆಯ ಕಡೆಗೆ. ಹೆಸರು, ತಾರೀಕು, ಘೋಷಣೆ ಏನೂ ಬರೆಸಲಿಲ್ಲ. ಬರೆಸೋಣವೆಂದು ಕೆಲವರು ಅಂದಾಗ ಮೈಕಮ್ಮನೇ ಬೇಡವೆಂದಳು.

ಬಂದವರೆಲ್ಲ ಮೊದಲು ಮಾಡಿದ್ದು ಒಂದೇ ಕೆಲಸ. ಆ ಅಚ್ಚುಗಳಲ್ಲಿ ತಮ್ಮ ಕೈಗೆ ಹೊಂದುವುದನ್ನು ಹುಡುಕಿ, ಅಂಗೈಯಿಟ್ಟು ತಳ್ಳಿದರು. ಆಗ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ಗುಂಡಿ ಹೇಳಿದಳು, "ತಳ್ಬೇಡಿ. ಎಳೀರಿ." ಎರಡು ವರ್ಷ ಯಾರ ಹತ್ತಿರವೂ ಮಾತಾಡದವಳು ಬಂದ ಒಬ್ಬೊಬ್ಬರಿಗೂ ಅದನ್ನೇ ಹೇಳಿದಳು. ಅವರು ಹಿಡಿಗೆ ಕೈಹಾಕಿದರು. ಬಲಗೈ ಹಾಕಿದವರಿಗೆ ಅದು ಒಗ್ಗದೆ, ಯಾರೂ ಹೇಳದೆಯೇ ಎಡಗೈಗೆ ಬದಲಾಯಿಸಿಕೊಂಡರು. ಆ ದಿನ ಆ ರಸ್ತೆಯಲ್ಲಿ ಎಲ್ಲರೂ ಎಡಚರಾದರು. ಎಳೆದರು. ಬಾಗಿಲು ಇಷ್ಟೇ ಇಷ್ಟು ಅಲುಗಿತು, ಹಿಂದೆ ಚಿಲಕ ಟಣ್ ಎಂದಿತು. ಎಳೆದವರು ಕೈಯನ್ನು ಹಿಡಿಯಿಂದ ತೆಗೆದು, ಒಮ್ಮೆ ನೋಡಿಕೊಂಡು, ಪಕ್ಕಕ್ಕೆ ಸರಿದು ನಿಂತರು. ಕಾರ್ಖಾನೆಯ ಗೇಟಿನಿಂದ ಇಸ್ತ್ರಿ ಅಂಗಿಯವನೊಬ್ಬ ಬಂದು ಸಾಲಿನಲ್ಲಿ ನಿಂತ. ತನ್ನ ಸರದಿಗೆ ಒಂದು ಸಲ ಎಳೆದ, ಇನ್ನೊಂದು ಸಲ ಎಳೆಯಲಿಲ್ಲ. ಅವನು ತಲೆತಗ್ಗಿಸಿಕೊಂಡು ಬಂದ ದಾರಿಯಲ್ಲೇ ಹೋದ.

"ನೀವು ಎಳೆಯಲ್ವಾ ಮೇಸ್ತ್ರಿ?" ಎಂದಳು ಮೈಕಮ್ಮ.

"ಚಿಲಕದ ತಿರುಪು ಸಡಿಲಾಯ್ತೇನೋ, ನೋಡ್ತೀನಿ" ಎಂದು ಅವನು ಬಾಗಿಲ ಹಿಂದಕ್ಕೆ ಹೋದ.

ಅಲ್ಲಿ ಯಾರೂ ಇರಲಿಲ್ಲ. ತಿರುಪು ಬಿಗಿಯಾಗಿಯೇ ಇತ್ತು. ಬೋಳು ಹಲಗೆಯ ಮೇಲೆ ಅಂಗೈಯಿಟ್ಟು ನಿಂತ. ಈ ಕಡೆಗೆ ಅವನು ಹಿಡಿ ಹಾಕಿರಲಿಲ್ಲ, ಹಾಕಲು ಯಾರೂ ಹೇಳಿಯೂ ಇರಲಿಲ್ಲ.

ಆ ಕಡೆಯಿಂದ ಯಾರೋ ಎಳೆದರು. ಯಾರೆಂದು ಕಾಣುತ್ತಿರಲಿಲ್ಲ, ಬಾಗಿಲು ಅಡ್ಡವಿತ್ತು. ಆ ಎಳೆತ ಮರದ ಮೂಲಕ ಹರಿದು ಅವನ ಅಂಗೈಗೆ ಬಂತು, ಮಣಿಕಟ್ಟಿಗೆ ಬಂತು, ಭುಜಕ್ಕೆ ಬಂತು. ಅದನ್ನು ಅವನ ಮೈ ಬಲ್ಲದು. ಎದುರಿನ ತುದಿಯಲ್ಲಿ ಅವಳಿದ್ದಾಗ ಗರಗಸದ ಹಿಡಿ ಹೀಗೆಯೇ ಅವನ ಕೈಯೊಳಗಿಂದ ಆ ಕಡೆಗೆ ಹೋಗುತ್ತಿತ್ತು. ಅವನ ಸೊಂಟ ತಾನಾಗಿಯೇ ಮುಂದಕ್ಕೆ ಬಾಗಿತು.

"ಎಳಿ," ಎಂದ ಮೆಲ್ಲಗೆ.

ಬಾಗಿಲು ಮತ್ತೆ ಆ ಕಡೆಗೆ ಜಗ್ಗಿತು. ಚಿಲಕ ಟಣ್ ಎಂದಿತು. ಈಗ ಇನ್ನೊಂದು ಮಾತು ಹೇಳಬೇಕು. ಅಷ್ಟು ವರ್ಷ ಒಂದರ ಹಿಂದೆ ಒಂದು ತಪ್ಪದೆ ಹೇಳಿದ ಮಾತು, ಎರಡು ವರ್ಷದಿಂದ ಊರೆಲ್ಲ ಅವನಿಗೆ ಹೇಳುತ್ತಿದ್ದ ಮಾತು. ಬಾಯಿ ತೆರೆದ. ಬಿಡು ಅನ್ನುವುದು ಮಾತ್ರ ಬರಲಿಲ್ಲ.

"ಎಳಿ," ಎಂದ ಮತ್ತೆ, ಆ ಕಡೆಯವರಿಗೆ ಕೇಳುವ ಹಾಗೆ.